ನೀಲಿ ಕೋಟಿನ ದಾರ

ಭಾನುವಾರ, ಮಧ್ಯಾಹ್ನ

ನನ್ನ ಪುಟ್ಟಿಗೆ,

ನಿನ್ನ ಲಕೋಟೆ ಕೈಸೇರಿತು. ಒಂದೇ ಗೆಲಾಕ್ಸಿಯ ನಾಲ್ಕು ಚಿತ್ರಗಳನ್ನೂ ಹೊಲಿಗೆ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೇನೆ. ಗಿರಾಕಿಯ ಅಂಗಿ ಕಾಯುತ್ತಿದೆ, ಕಾಯಲಿ. ಅಲ್ಲ ಕಣೇ, ಮನೆಯ ಧೂಳು ಹೊಡಿ ಅಂದರೆ ಮೂಗು ಮುರಿಯುತ್ತಿದ್ದವಳು ಈಗ ಆಕಾಶದ ಧೂಳಿನ ಹಿಂದೆ ಬಿದ್ದಿದ್ದೀಯಲ್ಲ!

ನನಗೆ ಅರ್ಥವಾದದ್ದು ಇಷ್ಟು. ಒಳಗೆ ಹೊಸ ನಕ್ಷತ್ರಗಳು ಧಗಧಗ ಉರಿಯುತ್ತಿವೆ. ಧೂಳು ಆ ಬೆಳಕನ್ನೆಲ್ಲ ನುಂಗಿ ತಾನೇ ಬಿಸಿಯಾಗಿದೆ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅದೊಂದು ಮಬ್ಬು ಕಲೆ. ಇನ್‌ಫ್ರಾರೆಡ್ ಎಂಬ ಶಾಖದ ಬೆಳಕಿನಲ್ಲಿ ನೋಡಿದರೆ ಝಗಝಗ. ನನ್ನ ಇಸ್ತ್ರಿ ಪೆಟ್ಟಿಗೆಯೂ ಹಾಗೇ ತಾನೆ? ನೋಡಿದರೆ ಏನೂ ಗೊತ್ತಾಗುವುದಿಲ್ಲ, ಕೈ ಹತ್ತಿರ ತಂದರೆ ತಿಳಿಯುತ್ತದೆ. ಆದರೆ ಎಕ್ಸ್‌ರೇ ಚಿತ್ರದಲ್ಲಿ ನಟ್ಟನಡುವೆ ಒಂದು ಚುಕ್ಕಿ, ರೇಡಿಯೋ ಚಿತ್ರದಲ್ಲಿ ಎರಡು, ಯಾಕೆ? ಎರಡು ಗೆಲಾಕ್ಸಿಗಳು ಡಿಕ್ಕಿ ಹೊಡೆದಿರಬಹುದು, ಬರುವ ತಿಂಗಳು ದೊಡ್ಡ ದೂರದರ್ಶಕದ ಸರದಿ ಸಿಕ್ಕಾಗ ತಿಳಿಯುತ್ತದೆ ಎಂದು ಬರೆದಿದ್ದೀಯ.

ಅದರ ಕೆಳಗೇ, ಅಮ್ಮನ ಕಣ್ಣಿನ ಪೊರೆ ತೆಗೆಸುವುದೇ ಮುಖ್ಯ, ಸರದಿ ಬಿಟ್ಟು ಬರುತ್ತೇನೆ ಎಂದೂ ಬರೆದಿದ್ದೀಯ. ಖಂಡಿತ ಬರಬೇಡ. ವರ್ಷಗಟ್ಟಲೆ ಅರ್ಜಿ ಹಾಕಿ ಸಿಕ್ಕಿದ್ದು, ಬಿಟ್ಟರೆ ಬೇರೆಯವರ ಪಾಲು. ನನ್ನ ಕಣ್ಣಿನ ವಿಷಯ ನನಗೆ ಬಿಡು.

ಒಂದು ವಿಚಿತ್ರ ಕೇಳು. ಎಡಗಣ್ಣು ಮುಚ್ಚಿದರೆ ಮೇಜಿನ ಬಿಳಿ ಬಟ್ಟೆ ಬೆಳ್ಳಗೆ ಕಾಣುತ್ತದೆ. ಬಲಗಣ್ಣು ಮುಚ್ಚಿದರೆ ಅದೇ ಬಟ್ಟೆ ಚಹಾ ಚೆಲ್ಲಿದ ಹಾಗೆ. ಬೆಳಗಿನಿಂದ ಇದೇ ಆಟ. ಪಕ್ಕದ ಗುಂಡಿ ಅಂಗಡಿಯಾಕೆ, ಏನಕ್ಕಾ ಈ ವಯಸ್ಸಲ್ಲಿ ಯಾರಿಗೆ ಕಣ್ಣು ಹೊಡೀತಿದ್ದೀರಿ ಅಂತ ಕೇಳಿ ಬಿದ್ದು ಬಿದ್ದು ನಕ್ಕಳು. ನಿನ್ನ ನಾಲ್ಕು ಚಿತ್ರಗಳಲ್ಲಿ ನಿಜವಾದದ್ದು ಯಾವುದು ಎಂದು ಕೇಳೋಣವೆಂದಿದ್ದೆ. ಈಗ ಆ ಪ್ರಶ್ನೆಯೇ ತಪ್ಪೇನೋ ಅನ್ನಿಸುತ್ತಿದೆ. ನಾಲ್ಕನ್ನೂ ಜೊತೆಗಿಟ್ಟು ನೋಡಬೇಕು, ಅಲ್ಲವಾ? ಆ ಚುಕ್ಕಿ ಒಂದೋ ಎರಡೋ, ಗೊತ್ತಾದ ಕೂಡಲೇ ಮೊದಲು ನನಗೆ ಬರಿ. ತಡೆಯಲಾರೆ.

ನಿನ್ನ
ಅಮ್ಮ

ತಾ.ಕ.: ಬೈಯಬೇಡ. ಬಲಗಣ್ಣಿನ ಪೊರೆ ಹೋದ ವಾರವೇ ತೆಗೆಸಿಬಿಟ್ಟೆ. ಗುಂಡಿ ಅಂಗಡಿಯಾಕೆ ಜೊತೆಗಿದ್ದಳು. ಲಕೋಟೆಯಲ್ಲಿದ್ದ ನಿನ್ನ ಫೋಟೋವನ್ನು ಆ ಕಣ್ಣಿನಲ್ಲೇ ನೋಡಿದೆ. ನೀನು ಕೆಲಸಕ್ಕೆ ಸೇರುವಾಗ ನಾನು ಹೊಲಿದುಕೊಟ್ಟ ನೀಲಿ ಕೋಟು, ಕಾಲರಿನುದ್ದಕ್ಕೂ ಹಸಿರು ದಾರ! ಅಯ್ಯೋ, ಅದನ್ನೇ ಹಾಕಿಕೊಂಡು ಅಷ್ಟು ಜನರ ಮುಂದೆ ಓಡಾಡಿದೆಯಾ? ಒಂದು ಮಾತೂ ಹೇಳಲಿಲ್ಲ. ನೂಲಿನಂತೆ ಸೀರೆ, ತಾಯಿಯಂತೆ ಮಗಳು, ಮುಚ್ಚಿಡುವುದರಲ್ಲೂ. ಕೆಲಸ ಮುಗಿಸಿ ಬರುವಾಗ ಕೋಟು ತಾ. ಎಡಗಣ್ಣಿಗೆ ಇನ್ನೂ ನೀಲಿ, ಹಸಿರು ಎರಡೂ ಒಂದೇ ಬಣ್ಣ. ಅದರ ಪೊರೆಯನ್ನು ನೀನು ಬರುವವರೆಗೆ ಹಾಗೇ ಇಟ್ಟಿರುತ್ತೇನೆ.