ದಪ್ಪ ತಂತಿಯ ಬಿರಡೆ

ಕೊಮೊ, ಮಿಸಿಸಿಪ್ಪಿ
ಸೆಪ್ಟೆಂಬರ್ ೯, ಮಂಗಳವಾರ ಮಧ್ಯಾಹ್ನ

ಅಮ್ಮಾ,

ಇದನ್ನು ಕೆಲಸದ ಜಾಗದಲ್ಲಿ ಒಡೆಯಬೇಡ. ಮನೆಗೆ ಹೋಗಿ, ಷೂ ಬಿಚ್ಚಿ, ಕೂತು ಓದು. ಫೋನಿನಲ್ಲಿ ಹೇಳೋಣವೆಂದರೆ ಈ ಮನೆಯ ಗೋಡೆಗಳು ನಿನಗೇ ಗೊತ್ತು, ಒಂದು ಕೋಣೆಯಲ್ಲಿ ಕೆಮ್ಮಿದರೆ ಇನ್ನೊಂದರಿಂದ ನೀರು ತಂದುಕೊಡುತ್ತಾರೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಜುಲೈಯಲ್ಲಿ ಹೆಬ್ಬೆರಳು ಕಾರಿನ ಬಾಗಿಲಿಗೆ ಸಿಕ್ಕಿಕೊಂಡಿತು. ಕಪ್ಪಾದ ಉಗುರು ಇನ್ನೂ ಬಿದ್ದಿಲ್ಲ. ಮಗು ಚೆನ್ನಾಗಿದ್ದಾನೆ. ಏಳು ತಿಂಗಳಾಯಿತು, ರಾತ್ರಿ ಇರುವುದು ಮಲಗುವುದಕ್ಕೆ ಎಂದು ಮಾತ್ರ ಇನ್ನೂ ನಂಬುತ್ತಿಲ್ಲ.

ನೇರವಾಗಿ ಕೇಳುತ್ತೇನೆ. ನಾನೂ ಮಗುವೂ ಮಿಲ್ವಾಕಿಗೆ ಬಂದರೆ ನಿನ್ನ ಹೊಲಿಗೆಯ ಕೋಣೆ ಬಿಟ್ಟುಕೊಡುತ್ತೀಯಾ? ಲವಾನ್ ಬರುವುದಿಲ್ಲ. ಗಂಡನನ್ನು ಬಿಟ್ಟು ಬರುವ ಮಾತೇ ಇದು.

ಕಳೆದ ವಾರ ಕಾರ್ಮಿಕರ ದಿನದ ಮೇಕೆ ಊಟವಿತ್ತಲ್ಲ, ಅಲ್ಲಿ ನಡೆದದ್ದು. ಮೇಕೆ ಸುಟ್ಟಾಗಿತ್ತು, ಬಿದಿರು ಕೊಳಲು, ಡೋಲು ಎಲ್ಲ ಮುಗಿದಿತ್ತು. ನಮ್ಮ ಬ್ಯಾಂಡಿಗೆ ಮೊದಲು ಯೂನಿವರ್ಸಿಟಿ ಊರಿನ ನಾಲ್ವರು ವೇದಿಕೆ ಹತ್ತಿದರು. ಕೆಂಪು ಗಡ್ಡದವನೊಬ್ಬ ಜನರಿಗೆ ಬೆನ್ನು ತಿರುಗಿಸಿ ಗಿಟಾರಿನ ಶ್ರುತಿ ಕೂಡಿಸಿಕೊಂಡ. ಅಜ್ಜನೂ ಹಾಗೇ ಮಾಡುತ್ತಿದ್ದನಲ್ಲ ಎಂದು ನನಗೆ ನಗು ಬಂತು. ಆಮೇಲೆ ಅವನು ದಪ್ಪ ತಂತಿ ಮೀಟಿದ. ಮುದುಕಿ ವರ್ಡೆಲ್ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಕೇಳಿದಳು, "ಏನೇ ಜೊನೆಲ್, ನಿಮ್ಮಜ್ಜ ಎದ್ದು ಬಂದ್ನಾ?"

ನಿನಗೆ ಹೇಳಬೇಕಾಗಿಲ್ಲ, ಆದರೂ ಬರೆದರೆ ನನ್ನ ತಲೆ ತಿಳಿಯಾಗುತ್ತದೆ. ತನ್ನ ಶ್ರುತಿ ಬೇರೆಯವರ ಕಿವಿಗೆ ಸಿಗಬಾರದೆಂದು ಅಜ್ಜ ತಂತಿಗಳನ್ನು ಸಡಿಲಿಸದೆ ಎಂದೂ ಗಿಟಾರಿನ ಪೆಟ್ಟಿಗೆ ಮುಚ್ಚಿದವನಲ್ಲ. ಉಳಿದ ಐದು ತಂತಿ ಈ ಗುಡ್ಡಸೀಮೆಗೆಲ್ಲ ಗೊತ್ತಿದ್ದದ್ದೇ. ದಪ್ಪ ತಂತಿಯನ್ನು ಎಲ್ಲಿಗೆ ಇಳಿಸಿ ನಿಲ್ಲಿಸುತ್ತಿದ್ದ ಎನ್ನುವುದೇ ಅವನ ಗುಟ್ಟು, ಅದರಲ್ಲೇ ಅವನ ಬ್ಲೂಸ್ ಇದ್ದದ್ದು. ಆ ತಂತಿಯನ್ನು ಬಿಗಿದು ಸಡಿಲಿಸುವ ಬಿರಡೆ ತುಕ್ಕು ಹಿಡಿದು ಕೂತಿತ್ತು, ಇಕ್ಕಳವಿಲ್ಲದೆ ತಿರುಗುತ್ತಿರಲಿಲ್ಲ. ಇಕ್ಕಳಕ್ಕೂ ಪೆಟ್ಟಿಗೆಯಲ್ಲಿ ಒಂದು ಜಾಗ. ಸಾಯುವ ಮೊದಲು ಅಜ್ಜ ಲವಾನನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡ. ನನಗೆ, ನೀನು ಕಾಲೇಜು ಓದು ಮಗಾ, ಇದು ಗಂಡಸರ ಪಾಡು ಎಂದ. ನಿನಗೂ ಹಾಗೇ ಅಂದಿದ್ದನಂತೆ. ಎಂದ ಮೇಲೆ ಈ ಭೂಮಿಯ ಮೇಲೆ ಆ ಶ್ರುತಿ ಬಲ್ಲವನು ಲವಾನ್ ಒಬ್ಬನೇ.

ನಿನ್ನ ಅಣ್ಣನ ಮಗ ರೆನಾರ್ಡ್ ಡ್ರಮ್ ಕೋಲು ಹಿಡಿದೇ ನನ್ನ ಹತ್ತಿರ ಬಂದ. "ಅಕ್ಕಾ, ನಿನ್ನ ಗಂಡ ಅಜ್ಜನ್ನ ಮಾರ್ಕೊಂಡ. ಹೂತಿಟ್ರೂ ಬಿಡ್ಲಿಲ್ಲ." ಅವತ್ತು ಅವನು ಲವಾನನ ಜೊತೆ ಬಾರಿಸಲೇ ಇಲ್ಲ. ಈ ಶನಿವಾರ ಬಂದು ಡ್ರಮ್ ಎತ್ತಿಕೊಂಡು ಹೋಗುತ್ತಾನಂತೆ. ಅಲ್ಲಿಗೆ ಬ್ಯಾಂಡು ಮುಗಿಯಿತು. ಅಜ್ಜ ಜಗಲಿಯಲ್ಲಿ ಒಬ್ಬನೇ ಕೂತು ನುಡಿಸಿದ್ದನ್ನು ಲವಾನ್, ರೆನಾರ್ಡ್ ಸೇರಿ ಮೂರು ಹುಡುಗರು ದೊಡ್ಡ ಸ್ಪೀಕರ್ ಹಾಕಿ ಆರು ವರ್ಷ ಊರೂರು ಕುಣಿಸಿದರು. ಅದೂ ಮುಗಿಯಿತು.

ನಾನು ಸುಮ್ಮನೆ ಅನುಮಾನಪಡುವವಳಲ್ಲ. ವಿಚಾರಿಸಿದೆ. ಕೆಂಪು ಗಡ್ಡದವನದು ಗಿಟಾರ್ ರಿಪೇರಿ ಅಂಗಡಿ. ಆಗಸ್ಟ್ ಮೊದಲ ಶನಿವಾರ ಲವಾನ್ ಅಜ್ಜನ ಗಿಟಾರನ್ನು ಕೊಟ್ಟುಬಂದದ್ದು ಅವನಿಗೇ. ಅವನು ಅದನ್ನು ಮೂರು ವಾರ ಇಟ್ಟುಕೊಂಡ. ಏನು ರಿಪೇರಿ? ಆ ಒಂದು ಬಿರಡೆ! ಆರು ವರ್ಷ ಚಕಾರವೆತ್ತದೆ ಇಕ್ಕಳದಲ್ಲಿ ತಿರುಗಿಸಿಕೊಂಡವನಿಗೆ ಈಗ ಹೊಸ ಬಿರಡೆಯ ಶೋಕಿ ಯಾಕೆ ಹತ್ತಿತು? ಅವನು ಸ್ನಾನಕ್ಕೆ ಹೋದಾಗ ಫೋನ್ ನೋಡಿದೆ. ಜುಲೈಯಲ್ಲೇ ಆ ಅಂಗಡಿಗೆ ಮೂರು ಸಲ ಫೋನ್ ಮಾಡಿದ್ದಾನೆ. ಒಂದು ಬಿರಡೆಗೆ ಮೂರು ಕರೆ.

ಮಗುವಿಗೆ ಜೋಳದ ಗಂಜಿ ತಿನ್ನಿಸುತ್ತಿದ್ದಾಗ ಕೇಳಿಯೇಬಿಟ್ಟೆ, ಅಂಗಡಿಗೆ ಕೊಡುವ ಮೊದಲು ತಂತಿ ಸಡಿಲಿಸಿದ್ದೆಯಾ ಎಂದು. ಮಗುವಿನ ಗಲ್ಲ ಒರೆಸಿ, ನನ್ನ ಮುಖ ನೋಡದೆ, "ಮರೆತೆ" ಎಂದ.

ಅಮ್ಮಾ, ನಮ್ಮ ಮದುವೆಯ ದಿನ ಪಾದ್ರಿಯನ್ನು ಕಾಯಿಸಿ ವ್ಯಾನಿಗೆ ಓಡಿ ತಂತಿ ಸಡಿಲಿಸಿ ಬಂದವನು ಅವನು. ಮರೆತನಂತೆ. ಸುಳ್ಳು ಹೇಳಬೇಡ ಎಂದೆ. "ರೆನಾರ್ಡ್‌ಗೂ ಇದನ್ನೇ ಹೇಳು, ನಾನು ಮರೆತೆ ಅಂತ," ಎಂದು ಎದ್ದುಹೋದ. ತಪ್ಪಿಲ್ಲದವನು ಇಷ್ಟು ಮೆತ್ತಗೆ ಇರುತ್ತಾನೆಯೇ? ಅಂದಿನಿಂದ ಅವನು ಶಿಳ್ಳೆ ಹಾಕಿದರೂ ಕಿವಿಗೊಡುತ್ತೇನೆ, ಹಾಕದಿದ್ದರೂ ಯಾಕೆ ಹಾಕಲಿಲ್ಲ ಎಂದು ಯೋಚಿಸುತ್ತೇನೆ. ಒಮ್ಮೊಮ್ಮೆ ನಾನೇ ಏನೋ ಹೇಳಬೇಕಿದೆ ಎನ್ನುವ ಹಾಗೆ ನನ್ನನ್ನು ನೋಡುತ್ತಾನೆ. ನಾನು ಹೇಳುವುದೇನಿದೆ?

ಶನಿವಾರದೊಳಗೆ ಉತ್ತರ ಬೇಕು. ಒಂದು ಸಾಲು ಸಾಕು.

ನಿದ್ದೆಗೆಟ್ಟ ನಿನ್ನ ಮಗಳು,
ಜೊನೆಲ್

ಮರೆತದ್ದು: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದಿದ್ದೇನೆ. ಮಗು ಎದ್ದು ಒಂದೇ ಸಮನೆ ಅತ್ತ. ಬೇರೆ ದಾರಿ ಕಾಣದೆ ಅಜ್ಜನ ಗಿಟಾರ್ ತೆಗೆದೆ.

ಹೌದು. ಬೆರಳಿಗೆ ಕಾರಿನ ಬಾಗಿಲು ತಾಗಿರಲಿಲ್ಲ, ಇಕ್ಕಳ ಜಾರಿತ್ತು. ಒಂಬತ್ತು ವರ್ಷದವಳಿದ್ದಾಗ ಜಗಲಿಯ ಹಲಗೆಗಳ ಕೆಳಗೆ, ಅಜ್ಜನ ಕುರ್ಚಿಯ ನೇರಕ್ಕೆ, ಅಂಗಾತ ಮಲಗಿ ಆ ಶ್ರುತಿ ಕಲಿತವಳು ನಾನು. ಮಗು ಮಲಗುವುದು ಆ ದಪ್ಪ ತಂತಿಗೆ ಮಾತ್ರ. ಲವಾನ್ ಕೆಲಸಕ್ಕೆ ಹೋದ ಮೇಲೆ ನುಡಿಸಿ, ಅವನು ಬರುವುದರೊಳಗೆ ಸಡಿಲಿಸಿ ಇಡುತ್ತಿದ್ದೆ. ಮೇಕೆ ಊಟದ ದಿನದಿಂದ ಸಿಟ್ಟಿಗೆ ಮುಟ್ಟಿರಲಿಲ್ಲ.

ಇವತ್ತು ಅಭ್ಯಾಸಬಲದಿಂದ ಇಕ್ಕಳ ತೆಗೆದುಕೊಂಡೆ. ಬೇಕಾಗಲಿಲ್ಲ. ಹೊಸ ಬಿರಡೆ ಅಗಲವಾಗಿ, ನುಣ್ಣಗೆ ಇದೆ, ಈ ಕಪ್ಪು ಉಗುರಿನ ಬೆರಳಿಗೂ ನೋವಾಗದೆ ತಿರುಗಿತು. ಲವಾನನ ಬೆರಳುಗಳನ್ನು ನೀನು ನೋಡಿದ್ದೀಯ. ಅವನ್ನು ಯಾವ ಬಿರಡೆಯೂ ನೋಯಿಸಲಾರದು. ಹೊಸದು ಅವನಿಗೆಂದು ಹಾಕಿಸಿದ್ದಲ್ಲ.

ಆಗ ಆಗಸ್ಟಿನ ಆ ಶನಿವಾರ ನೆನಪಾಯಿತು. ಎರಡು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಅವನು ವ್ಯಾನ್ ತೊಳೆಯುತ್ತಿದ್ದಾನೆಂದು ಮೆಲ್ಲಗೆ ನುಡಿಸಿದೆ. ಮಗು ಮಲಗಿದ, ಜೊತೆಗೆ ನಾನೂ. ಎಚ್ಚರವಾದಾಗ ಪಕ್ಕದಲ್ಲಿದ್ದ ಗಿಟಾರ್ ಇರಲಿಲ್ಲ, ನಮ್ಮಿಬ್ಬರ ಮೇಲೆ ಹೊದಿಕೆ ಇತ್ತು. ಇಕ್ಕಳ ನನ್ನ ಮಡಿಲಲ್ಲಿ, ಮಗುವಿನ ಕಾಲಿನ ಕೆಳಗಿತ್ತು. ಅದಿಲ್ಲದೆ ಆ ತಂತಿ ಸಡಿಲವಾಗುತ್ತಿರಲಿಲ್ಲ. ಅದನ್ನು ತೆಗೆಯಬೇಕಿದ್ದರೆ ನಮ್ಮನ್ನು ಎಬ್ಬಿಸಬೇಕಿತ್ತು. ಶ್ರುತಿ ಇದ್ದ ಹಾಗೇ ಅಂಗಡಿಗೆ ಒಯ್ದಿದ್ದಾನೆ.

ಹೊಲಿಗೆಯ ಮೆಷಿನ್ನು ಇದ್ದಲ್ಲೇ ಇರಲಿ. ಶನಿವಾರ ರೆನಾರ್ಡ್ ಬರುವ ಹೊತ್ತಿಗೆ ನಾನು ಅಜ್ಜನ ಕುರ್ಚಿಯಲ್ಲಿ, ರಸ್ತೆಗೆ ಮುಖಮಾಡಿ ಕೂತು ನುಡಿಸುತ್ತಿರುತ್ತೇನೆ. ಆಮೇಲೆ ಡ್ರಮ್ ಒಯ್ಯುವುದಾದರೆ ಒಯ್ಯಲಿ.

ಮಗು ಮಲಗಿದ್ದಾನೆ. ಲವಾನ್ ಬರುವ ಹೊತ್ತಾಯಿತು. ತಂತಿ ಸಡಿಲಿಸಿಲ್ಲ.