ಪ್ರಾರ್ಥನೆಯ ಕೊನೆಯ ಸಾಲು

ಜನವರಿ ೨೧, ಶನಿವಾರ

ಬೆಳಗಿನಿಂದ ಒಂದೇ ತಳಮಳ. ಇವತ್ತೂ ಜಗಳವಾದರೆ, ನಮ್ಮ ಪ್ರೊಟೆಸ್ಟೆಂಟ್ ಸಭೆಯವರೂ ಕ್ಯಾಥೊಲಿಕರೂ ಒಟ್ಟಿಗೆ ಪ್ರಾರ್ಥನೆಗೆ ಕೂರುವುದು ಇಲ್ಲಿಗೆ ಮುಗಿಯಿತು. ಹೋದ ಸಲ, ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲೇ ಎಡವಿದ್ದೆವು. ಕೇಡಿನಿಂದ ಕಾಪಾಡು ಎಂಬಲ್ಲಿಗೆ ಅವರು ತಮ್ಮ ರೂಢಿಯಂತೆ ನಿಲ್ಲಿಸಿದರು. ನಾವು ನಮ್ಮ ರೂಢಿಯಂತೆ ರಾಜ್ಯವೂ ಬಲವೂ ಮಹಿಮೆಯೂ ನಿನ್ನವೇ ಎಂದು ಇನ್ನೊಂದು ಸಾಲು ಮುಂದೆ ಹೋದೆವು.

"ದೇವರ ಮುಂದೂ ನಿಮ್ದೇ ಕೊನೇ ಮಾತಾಗ್ಬೇಕಾ?" ಎಂದು ನನ್ನ ಕ್ಯಾಥೊಲಿಕ್ ಷಡ್ಡಕ ಕುಟುಕಿದ.

"ಅರ್ಧಕ್ಕೇ ಎದ್ದುಹೋಗೋದು ನಿಮ್ಮ ಚಾಳಿ," ಎಂದರು ನಮ್ಮ ಸಭೆಯ ಟೈಲರಮ್ಮ.

ಈ ಸಂಜೆ ಶಾಲೆಯ ಕೋಣೆಯಲ್ಲಿ, ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತು, ಮತ್ತೆ ಅದೇ ಪ್ರಾರ್ಥನೆ. ಅವರ ಮರ್ಯಾದೆಗಾಗಿ ನಾವೂ ಅಲ್ಲಿಗೇ ನಿಲ್ಲಿಸೋಣ ಎಂದು ನಮ್ಮನಮ್ಮಲ್ಲೇ ಮೊದಲೇ ಮಾತಾಡಿಕೊಂಡಿದ್ದೆವು. ನಿಲ್ಲಿಸಿದೆವು. ನಾವೊಂದು ಬಗೆದರೆ ದೈವವೊಂದು ಬಗೆಯಿತು: ಅವರು ನಿಲ್ಲಿಸಲೇ ಇಲ್ಲ! ನಮ್ಮ ಮರ್ಯಾದೆಗೆಂದು ಕೊನೆಯ ಸಾಲನ್ನು ಬಾಯಿಪಾಠ ಮಾಡಿ ಬಂದಿದ್ದರಂತೆ.

ಷಡ್ಡಕ ಕಣ್ಣುಬಿಟ್ಟ. "ಅಯ್ಯೋ, ನಿಮ್ಮ ಸಾಲು ಕಣ್ರೀ! ನಮ್ಮ ತಲೆಗೆ ಕಟ್ಟಿ ಸುಮ್ನಾಗ್ಬಿಟ್ರಾ?"

ಟೈಲರಮ್ಮ ಸೆರಗು ಬಾಯಿಗಿಟ್ಟು ನಕ್ಕರು. "ಆಮೆನ್ ಆದ್ರೂ ಒಟ್ಟಿಗೆ ಹೇಳೋಣ ಬನ್ನಿ."

ಹೇಳಿದೆವು, ನಗುನಗುತ್ತಲೇ. ಆಮೇಲೆ ಏಳಲು ಯಾರಿಗೂ ಮನಸ್ಸಿಲ್ಲ. ಮುಂದಿನ ಸಲ ಎಲ್ಲರೂ ನನ್ನ ಮನೆಗೇ ಬರುವುದೆಂದು ಷಡ್ಡಕ ನನ್ನನ್ನು ಕೇಳದೆಯೇ ಸಾರಿಬಿಟ್ಟ. ಹೆಂಡತಿಗಿನ್ನೂ ಹೇಳಿಲ್ಲ. ನಾಳೆ, ಅವಳ ಮುಖ ನೋಡಿಕೊಂಡು, ಮೆಲ್ಲಗೆ...