ಕ್ಯಾನ್ಸಲ್ ಮಾಡಿದ ಕಾರು

ರೀ,

ನಾನು ಬೆಂಗಳೂರಿಗೆ, ತಂಗಿಯ ಮನೆಗೆ ಹೊರಟಿದ್ದೇನೆ. ನಿಮ್ಮ ಫೋನು ನನ್ನ ಹತ್ತಿರವಿದೆ, ಕ್ಯಾಬ್ ಆಪ್ ಅದರಲ್ಲೇ ಇರುವುದು. ಬಸ್ಸಿಳಿದ ಕಡೆಯಿಂದ ಅವಳ ಬಾಗಿಲವರೆಗೂ ಎ.ಸಿ. ಕಾರಿನಲ್ಲೇ ಹೋಗುತ್ತೇನೆ. ದುಡ್ಡು ನಿಮ್ಮ ಖಾತೆಯದು; ಪಿನ್ ನನಗೆ ಗೊತ್ತು.

ಹೋದ ಸಲ ಅಲ್ಲಿಂದ ಹೊರಡುವಾಗ ಅವಳ ಮನೆ ಮುಂದೆ ಬಂದು ನಿಂತಿದ್ದ ಕಾರನ್ನು ಕ್ಯಾನ್ಸಲ್ ಮಾಡಿ, "ಮೇನ್‌ರೋಡಿಂದ ಬುಕ್ ಮಾಡುದ್ರೆ ಕಮ್ಮಿ ಆಯ್ತದೆ, ಬಿರ್ರನೆ ನಡಿ ಕಣಮ್ಮಿ" ಎಂದು ನನ್ನನ್ನು ಓಡಿಸಿದಿರಿ. ತಂಗಿ ಕಟ್ಟಿದ್ದ ಮಡಿಲಕ್ಕಿ ಅವಳ ಕಣ್ಣೆದುರೇ ರಸ್ತೆಗೆ ಚೆಲ್ಲಿತು. ನೀವು ತಿರುಗಿಯೂ ನೋಡಲಿಲ್ಲ. ನೀವು ಬೇಡವೆಂದ ಆ ಡ್ರೈವರೇ ಇಳಿದು ಬಂದು ತೆಂಗಿನಕಾಯಿ ಎತ್ತಿಕೊಟ್ಟ. ತವರಿನ ಅಕ್ಕಿಗೆ ಬೆಲೆಯಿಲ್ಲವೆಂದು ತಂಗಿ ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಅವಳನ್ನು ಸಮಾಧಾನ ಮಾಡಲೆಂದೇ ಈಗ ಹೊರಟಿರುವುದು.

ಇವತ್ತು ಹಂಪಾಪುರದ ನಿಮ್ಮ ಅಕ್ಕನಿಗೆ ಕೊಡಬೇಕಾದ ಹಲಸಿನ ಹಣ್ಣು ಜಗುಲಿಯ ಮೇಲಿದೆ. ಇದ್ದುದರಲ್ಲಿ ದೊಡ್ಡದನ್ನೇ ಆರಿಸಿದ್ದೇನೆ. ಸ್ಕೂಟರಿನ ಕೀ ನನ್ನ ಬ್ಯಾಗಿನಲ್ಲಿದೆ. ಆಟೋವನ್ನು ಬಾಗಿಲಿಗೆ ಕರೆಯಬೇಡಿ. ಹಣ್ಣನ್ನು ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿನವರೆಗೆ ನಡೆದರೆ ಕಮ್ಮಿ ಆಗುತ್ತದೆ.

ಇಡ್ಲಿ ಮುಚ್ಚಿಟ್ಟಿದ್ದೇನೆ, ತಿಂದು ಹೊರಡಿ. ಸೊಂಟ ಹಿಡಿದುಕೊಂಡರೆ ಮುಲಾಮು ಕಿಟಕಿಯ ಬಳಿ ಇದೆ. ಹಚ್ಚುವವಳು ಮಾತ್ರ ಭಾನುವಾರದವರೆಗೆ ಬರುವುದಿಲ್ಲ.

ನೀಲಾಂಬಿಕೆ